ಮಗನಿಗೆ ನೋವಾ ಅಂತ ಹೆಸರಿಡಬಹುದಾ?

ಪ್ರಶ್ನೆ: ನಾವು ಮೈಸೂರಿನವರು. ಮಗನಿಗೆ ನೋವಾ ಅಂತ ಹೆಸರಿಡೋಣ ಅಂದರೆ ಮಂಡ್ಯದ ಅಜ್ಜಿ "ಯಾರಾದ್ರೂ ಮಗೂನ ನೋವು ಅಂತ ಕರೀತಾರಾ" ಅಂತ ಬೈಯುತ್ತಿದ್ದಾರೆ. ಹೀಬ್ರೂನಲ್ಲಿ ಅರ್ಥ ಏನು?

ಉತ್ತರ 1: ಅರ್ಥ ಪೂರ್ತಿ ಉಲ್ಟಾ! ವಿಶ್ರಾಂತಿ, ನೆಮ್ಮದಿ ಅಂತ. ಹೀಬ್ರೂನಲ್ಲಿ ಹೆಚ್ಚುಕಮ್ಮಿ ನೋಅಖ್ ಅನ್ನುತ್ತಾರೆ, ಕನ್ನಡ ಬೈಬಲ್‌ನಲ್ಲಿ ನೋಹ, ನಮ್ಮ ಮಂಡಿ ಮೊಹಲ್ಲಾದ ಮುಸ್ಲಿಮರ ಬಾಯಲ್ಲಿ ನೂಹ್. ಎಲ್ಲಾ ಒಂದೇ.

ಉತ್ತರ 2: ಅಮೆರಿಕದಲ್ಲಿ 2013ರಿಂದ 2016ರವರೆಗೆ ಗಂಡುಮಕ್ಕಳಿಗೆ ಜಾಸ್ತಿ ಇಟ್ಟ ಹೆಸರೇ ಇದು. ಇಸ್ರೇಲಿನಲ್ಲಿ ಮಾತ್ರ ನೋವಾ ಅಂದರೆ ಹುಡುಗಿ ಅಂದುಕೊಳ್ಳುತ್ತಾರೆ. ಆ ಹುಡುಗಿ ಹೆಸರಿನ ಹೀಬ್ರೂ ಅಕ್ಷರವೇ ಬೇರೆ, ಅರ್ಥ ಚಲನೆ.

ಉತ್ತರ 3: ಸುಮ್ನೆ ನೋಹ ಅಂತ ಬರೆಸಿ. ಅಜ್ಜಿ ಹೇಗಿದ್ದರೂ ಪುಟ್ಟ ಅಂತಲೇ ಕರೆಯುತ್ತಾರೆ, ಅಲ್ವಾ?