ಅಪ್ಪ-ಅಮ್ಮನಿಗೆ ಯುರೋಪ್ ತೋರಿಸೋಕೆ ಹಡಗು ಸರಿನಾ, ರೈಲು ಸರಿನಾ? ಹೋಗಿ ಬಂದವರು ಹೇಳಿ

ಬ್ರಹ್ಮಪುರ, ಕಲಬುರಗಿ: ಅಪ್ಪ ಈ ವರ್ಷ ರಿಟೈರ್ ಆಗುತ್ತಾರೆ. ಅಮ್ಮನಿಗೆ ಮೊಣಕಾಲು ನೋವು. ಬಾರ್ಸಿಲೋನಾದಲ್ಲಿ ಹತ್ತಿಸಿ ಮಾರ್ಸೇ, ರೋಮ್, ನೇಪಲ್ಸ್ ತೋರಿಸುವ ಕ್ರೂಸ್ ಪ್ಯಾಕೇಜ್ ಒಂದಿದೆ. ಹೆಚ್ಚುಕಮ್ಮಿ ಅದೇ ದುಡ್ಡಿಗೆ ಪ್ಯಾರಿಸ್, ರೋಮ್ ಎರಡೇ ಊರು ರೈಲಿನಲ್ಲಿ ನಿಧಾನವಾಗಿ ನೋಡಬಹುದು. ಇಬ್ಬರೂ ಸಸ್ಯಾಹಾರಿಗಳು. ಯಾವುದು ಒಳ್ಳೆಯದು?

ತೊಗರಿ ಕಾಕಾ, ಆಳಂದ: ಹಡಗು ಹತ್ತಿಸು ತಮ್ಮಾ, ಯೋಚನೆನೇ ಬೇಡ. ತೊಗರಿಗೆ ಒಳ್ಳೆ ರೇಟ್ ಸಿಕ್ಕ ವರ್ಷ ನಾನೂ ನಮ್ಮ ಮನೆಯವರೂ ಹೋಗಿದ್ದೆವು. ಹೊಲ ಬಿಟ್ಟು ಸಮುದ್ರ ನೋಡೋಕೆ ಹೊರಟಾನೆ ಅಂತ ಊರವರು ನಕ್ಕರು, ನಗಲಿ. ಬ್ಯಾಗ್ ಒಂದೇ ಸಲ ಬಿಚ್ಚಿದ್ದು, ಮಲಗಿ ಎದ್ದರೆ ಹೊಸ ಊರು. ಆದರೆ ಟಿಕೆಟ್ ದುಡ್ಡೇ ಎಲ್ಲ ಅಂದುಕೊಳ್ಳಬೇಡ. ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಟಿಪ್ಸ್ ತಾನಾಗಿಯೇ ಬಿಲ್ಲಿಗೆ ಬೀಳುತ್ತದೆ. ನೀರಿನ ಬಾಟಲಿಗೆ ಬೇರೆ, ವೈಫೈಗೆ ಬೇರೆ. ಬುಕ್ ಮಾಡುವಾಗ ಟಿಸಿಎಸ್ ಅಂತ, ಅಂದರೆ ಮುಂಗಡ ತೆರಿಗೆ, ಶೇ 5 ಹಿಡಿದರು. ನಂದು ಬರೀ ಕೃಷಿ ಆದಾಯ, ಜನ್ಮದಲ್ಲಿ ರಿಟರ್ನ್ ತುಂಬಿದವನಲ್ಲ. ಆ ದುಡ್ಡು ವಾಪಸ್ ಬರಬೇಕು ಅಂದರೆ ರಿಟರ್ನ್ ಹಾಕಲೇಬೇಕಂತೆ, ಅದಕ್ಕೆ ಸಿಎಗೆ ಫೀಸು, ಆಮೇಲೆ ಅವನ ಆಫೀಸಿಗೆ ಅಲೆದಾಟ! ಆದರೂ ಬಂತು ಬಿಡು.

ಸೇಡಂ ರೋಡ್ ಅಕ್ಕ: ಕ್ರೂಸ್‌ನಲ್ಲಿ ಹೋಗಿ ರೋಮ್ ನೋಡಿದೆ ಅನ್ನೋರನ್ನು ಕಂಡರೆ ನನಗೆ ನಗು ಬರುತ್ತದೆ. ಹಡಗು ನಿಲ್ಲೋದು ಚಿವಿತಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್ ಅಂದರೆ ನಮ್ಮೂರಿಂದ ಯಾದಗಿರಿಗೆ ಹೋದಷ್ಟು ದೂರ. ಬಂದರಿನಿಂದ ಬಸ್ಸು, ಸ್ಟೇಷನ್‌ನಲ್ಲಿ ಟಿಕೆಟ್ಟಿಗೆ ಸಾಲು, ರೈಲಿನಲ್ಲಿ ಒಂದು ಗಂಟೆ, ಮತ್ತೆ ಸಂಜೆ ಅದೇ ಓಟ. ಕೊಲೊಸಿಯಂ ಹೊರಗಿನಿಂದ ನೋಡಿದೆವು. ವ್ಯಾಟಿಕನ್ ಮ್ಯೂಸಿಯಂನ ಸಾಲು ನೋಡಿಯೇ ವಾಪಸ್ ಬಂದೆವು. ಸ್ವಂತಕ್ಕೆ ಹೋಗಿ ತಡವಾದರೆ ಹಡಗು ಕಾಯೋದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು. ಹಡಗಿನವರ ಟೂರ್ ತಗೊಂಡರೆ ಕಾಯುತ್ತಾರೆ, ಅದರ ರೇಟ್ ಕೇಳಿದರೆ ತಲೆ ತಿರುಗುತ್ತದೆ. ಇನ್ನು ಫೋನು. ನಡುಸಮುದ್ರದಲ್ಲಿ ಹಡಗಿನದೇ ನೆಟ್‌ವರ್ಕ್ ಹಿಡಿಯುತ್ತದೆ, ನಾವು ಹಾಕಿಸಿಕೊಂಡಿದ್ದ ಯುರೋಪ್ ರೋಮಿಂಗ್ ಪ್ಯಾಕ್ ಅದಕ್ಕೆ ಲಾಗೂ ಆಗಲಿಲ್ಲ. ನಮ್ಮ ಯಜಮಾನರು ಏರೋಪ್ಲೇನ್ ಮೋಡ್ ಹಾಕದೆ ಆರಾಮಾಗಿ ಮಲಗಿದರು. ಆ ಬಿಲ್ಲಿನ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ತೊಗರಿ ಕಾಕಾ: ಬೆಳಗ್ಗೆ ಬೇಗ ಇಳಿಬೇಕವ್ವಾ. ಬಫೆ ಮುಂದೆ ಕೂತರೆ ರೋಮ್ ಎಲ್ಲಿಂದ ಸಿಗಬೇಕು?

ಸೇಡಂ ರೋಡ್ ಅಕ್ಕ: ನಾನು ಬಫೆ ಮುಂದೆ ಕೂತಿದ್ದು ನೀವು ನೋಡಿದ್ರಾ ಕಾಕಾ? ಬಾಳೆಹಣ್ಣು ಕೈಯಲ್ಲಿ ಹಿಡಿದು ಇಳಿದವಳು ನಾನು.

ಹುಮನಾಬಾದ್ ಹುಡುಗ: ಇವರಿಬ್ಬರೂ ವೀಸಾ ವಿಷಯನೇ ಎತ್ತಲಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಶೆಂಗೆನ್ ವೀಸಾದ ಫೀಸು 2024ರ ಜೂನ್‌ನಿಂದ 90 ಯುರೋ. ಕನಿಷ್ಠ 30,000 ಯುರೋ ಇನ್ಶೂರೆನ್ಸ್ ಬೇಕು. ಬೆರಳಚ್ಚು ಕೊಡೋಕೆ ಹೈದರಾಬಾದ್‌ಗೆ ಹೋಗಿದ್ದೆ. ನನ್ನ ಹಡಗು ಗ್ರೀಸ್ ಬಿಟ್ಟು ಟರ್ಕಿ ಮುಟ್ಟಿ ಮತ್ತೆ ಗ್ರೀಸ್‌ಗೆ ಬರುವಂಥದ್ದು, ಟರ್ಕಿ ಶೆಂಗೆನ್ ಹೊರಗಿದೆ, ಅಂದರೆ ಮಲ್ಟಿಪಲ್ ಎಂಟ್ರಿ ಬೇಕೇ ಬೇಕು. ನಮ್ಮ ಏಜೆಂಟ್ ಸಿಂಗಲ್‌ಗೆ ಅರ್ಜಿ ಹಾಕಿದ್ದ. ಪಿರೇಯಸ್ ಬಂದರಿನಲ್ಲಿ ಹತ್ತಿಸಿಕೊಳ್ಳಲೇ ಇಲ್ಲ. ಹಡಗಿನ ದುಡ್ಡು ಪೂರ್ತಿ ಹೋಯಿತು, ದಾಖಲೆ ಸರಿಯಿಲ್ಲದ್ದಕ್ಕೆ ಕ್ಲೇಮ್ ಇಲ್ಲ ಅಂತ ಇನ್ಶೂರೆನ್ಸ್‌ನವರು ಕೈ ಎತ್ತಿದರು, ಏಜೆಂಟ್ ಇವತ್ತಿಗೂ ಫೋನ್ ಎತ್ತಲ್ಲ. ಅಲ್ಲಿಂದಲೇ ಮೆಟ್ರೋ ಹತ್ತಿ ಅಥೆನ್ಸ್ ಸೇರಿಕೊಂಡೆ. ಅಕ್ರೊಪೊಲಿಸ್‌ನಲ್ಲಿ ಕೂತು ಸಂಜೆ ಮಾಡಿದೆ. ಊರು ನೋಡೋದು ಅಂದರೆ ಅದು!

ಯಾದಗಿರಿ ಮೇಷ್ಟ್ರು: ಎಲ್ಲರೂ ಲಕ್ಷಗಟ್ಟಲೆ ಸುರಿದಿದ್ದೀರಿ, ಸಂತೋಷ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಎಷ್ಟು ಜನ ಹೋಗಿದ್ದೀರಿ? 1367ರದ್ದು. ನಡುವೆ ತೆರೆದ ಅಂಗಳ ಇಲ್ಲ, ಪೂರ್ತಿ ಚಾವಣಿ. ಅದನ್ನು ನೋಡೋಕೆ ಹೊರದೇಶದವರು ಬರುತ್ತಾರೆ. ಬೀದರಿನ ಗವಾನ್ ಮದರಸಾ 1472ರದ್ದು, ಬಸ್ ಚಾರ್ಜಿನಲ್ಲಿ ಮುಗಿಯುತ್ತದೆ.

ಹುಮನಾಬಾದ್ ಹುಡುಗ: ಮೇಷ್ಟ್ರೇ, ಯಾರು ಏನು ಕೇಳಿದರೂ ನಿಮ್ಮದು ಇದೇ ಪಾಠ. ಆ ಗವಾನ್ ಇರಾನಿನ ಗಿಲಾನ್‌ನ ವ್ಯಾಪಾರಿ, ಹಡಗು ಹತ್ತಿ ಕೊಂಕಣದ ದಾಭೋಳ ಬಂದರಿಗೆ ಬಂದವನು. ಅದೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ನಿಕಿತಿನ್ ಕುದುರೆಯನ್ನೂ ಹಡಗಿನಲ್ಲಿ ಹಾಕಿಕೊಂಡು ಬಂದು ಬೀದರ್ ನೋಡಿದ. ಅವನ ಕುದುರೆಯನ್ನು ಜುನ್ನಾರಿನಲ್ಲಿ ಕಿತ್ತುಕೊಂಡಿದ್ದರು, ಆಮೇಲೆ ವಾಪಸ್ ಸಿಕ್ಕಿತು. ನನ್ನ ದುಡ್ಡು ಮಾತ್ರ ವಾಪಸ್ ಸಿಗಲಿಲ್ಲ. ಅವರೆಲ್ಲ ತಮ್ಮೂರ ಕೋಟೆ ಸಾಕು ಅಂತ ಕೂತಿದ್ದರೆ ನಿಮ್ಮ ಮದರಸಾ ಎಲ್ಲಿರುತ್ತಿತ್ತು?

ಯಾದಗಿರಿ ಮೇಷ್ಟ್ರು: ಗವಾನ್ ಬಂದು ಮದರಸಾ ಕಟ್ಟಿದ. ನೀನು ಅಥೆನ್ಸ್‌ನಲ್ಲಿ ಏನು ಕಟ್ಟಿ ಬಂದೆ? ಸೆಲ್ಫಿ?

ಬ್ರಹ್ಮಪುರ, ಕಲಬುರಗಿ: ದಯವಿಟ್ಟು ಅಮ್ಮನ ಮೊಣಕಾಲು, ಊಟದ ಬಗ್ಗೆ ಯಾರಾದರೂ ಹೇಳ್ತೀರಾ?

ತೊಗರಿ ಕಾಕಾ: ಹಡಗಿನಲ್ಲಿ ಲಿಫ್ಟ್ ಇರುತ್ತದೆ ತಮ್ಮಾ. ನೇಪಲ್ಸ್ ಬಂದರು ಊರಿಗೆ ಅಂಟಿಕೊಂಡೇ ಇದೆ. ಅದರ ಹತ್ತಿರದ ಪಾಂಪೇ ಮಾತ್ರ ಬೇಡ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿ ಬಿದ್ದು ಮುಚ್ಚಿಹೋದ ಊರು, ದಾರಿಯೆಲ್ಲ ಉಬ್ಬುತಗ್ಗಿನ ಕಲ್ಲು, ನೆರಳಿಲ್ಲ.

ಹುಮನಾಬಾದ್ ಹುಡುಗ: ಗ್ರೀಸ್‌ನ ಸ್ಯಾಂಟೊರಿನಿ ದ್ವೀಪ ಇನ್ನೂ ಕಷ್ಟ. ಹಡಗು ದೂರ ನಿಲ್ಲುತ್ತದೆ, ಸಣ್ಣ ದೋಣಿಗೆ ಇಳಿಸುತ್ತಾರೆ, ಮೇಲೆ ಹೋಗೋಕೆ ಕೇಬಲ್ ಕಾರ್ ಸಾಲು, ಇಲ್ಲಾಂದ್ರೆ 500ಕ್ಕೂ ಜಾಸ್ತಿ ಮೆಟ್ಟಿಲು.

ಸೇಡಂ ರೋಡ್ ಅಕ್ಕ: ಅವರು ಸ್ಯಾಂಟೊರಿನಿಗೆ ಹೋಗ್ತಾನೇ ಇಲ್ಲ. ನೀನು ಹಡಗೇ ಹತ್ತಿಲ್ಲ.

ಹುಮನಾಬಾದ್ ಹುಡುಗ: ಫೆರಿಯಲ್ಲಿ ಹೋಗಿ ನೋಡಿದ್ದೀನಿ ಅಕ್ಕಾ. ನಿಮ್ಮಂಥ ಕ್ರೂಸ್‌ನವರು ಬಿಸಿಲಲ್ಲಿ ನಿಂತಿದ್ದನ್ನೂ ನೋಡಿದ್ದೀನಿ.

ತೊಗರಿ ಕಾಕಾ: ಊಟಕ್ಕೆ ಚಿಂತೆ ಇಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದೆ. ಯಾರೂ ಏನೂ ಕೇಳಲಿಲ್ಲ.

ಸೇಡಂ ರೋಡ್ ಅಕ್ಕ: ಸುಮ್ನೆ ಜನರಿಗೆ ದಾರಿ ತಪ್ಪಿಸಬೇಡಿ. ಮನೆ ಅಡುಗೆ ಅಂತ ನಮ್ಮ ಡಬ್ಬಿ ಹಡಗಿನ ಬಾಗಿಲಲ್ಲೇ ತೆಗೆದಿಟ್ಟರು. ತುಪ್ಪ, ಪೇಢೆ ಅಂತೂ ಯುರೋಪಿನೊಳಗೇ ಬಿಡಲ್ಲ, ಹಾಲಿನ ಪದಾರ್ಥ. ತಮ್ಮಾ, ಪ್ಯಾಕೆಟ್ ಸೀಲ್ ಇರೋದು ಒಯ್ಯಿ.

ತೊಗರಿ ಕಾಕಾ: ನಿಮ್ಮದು ಮೆತ್ತನೆ ರೊಟ್ಟಿ ಇರಬೇಕು, ವಾಸನೆ ಬಂದಿರುತ್ತದೆ.

ಸೇಡಂ ರೋಡ್ ಅಕ್ಕ: ನಮ್ಮತ್ತೆ ಬಡಿದ ಸಜ್ಜೆ ರೊಟ್ಟಿ ಕಾಕಾ, ತಿಂಗಳಿಟ್ಟರೂ ಕೆಡಲ್ಲ. ಆಳಂದದವರಿಂದ ರೊಟ್ಟಿ ಕಲಿಯುವ ಗತಿ ನಮಗಿನ್ನೂ ಬಂದಿಲ್ಲ.