ಅಪ್‌ಡೇಟ್: ಮುಂಬಯಿಯ ನಮ್ಮ ಕನ್ನಡ ಕ್ರೈಸ್ತ ಸಭೆಯ ಒಂದು ವರ್ಷ

ಕನ್ನಡ ಓದಲು ಬಾರದ ಯುವಜನರನ್ನು ಆರಾಧನೆಯಲ್ಲಿ ಉಳಿಸಿಕೊಳ್ಳುವುದು ಹೇಗೆಂದು ಡೊಂಬಿವಲಿ ಕಡೆಯ ಪುಟ್ಟ ಸಭೆಯ ಪಾಲಕನಾದ ನಾನು ಕಳೆದ ವರ್ಷ ಕೇಳಿದ್ದೆ. ಕೀರ್ತನೆಗಳನ್ನು ದೇವನಾಗರಿ ಲಿಪಿಯಲ್ಲಿ ಅಚ್ಚುಹಾಕಿಸಿರೆಂದು ಹಲವರು ಸಲಹೆ ನೀಡಿದ್ದಿರಿ. ಹಾಗೆಯೇ ಮಾಡಿದೆವು.

ಮರಾಠಿ ಶಾಲೆಗಳಲ್ಲಿ ಕಲಿತ ಮಕ್ಕಳು ಈಗ ಅಜ್ಜಿಯರ ಪಕ್ಕದಲ್ಲಿ ನಿಂತು ಪೂರ್ತಿ ಹಾಡುತ್ತಾರೆ. ಮರಾಠಿಯಲ್ಲಿ ಹ್ರಸ್ವ ಎ, ಒ ಸ್ವರಗಳಿಗೆ ಬೇರೆ ಅಕ್ಷರಗಳಿಲ್ಲದ ಕಾರಣ ಹಿರಿಯರು ಶನಿವಾರ ಸಂಜೆ ಕುಳಿತು ಉಚ್ಚಾರ ತಿದ್ದುತ್ತಾರೆ. ಆ ನೆಪದಲ್ಲಿ, 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಕಾಲದಿಂದ ತಮ್ಮ ಮನೆತನಗಳು ನಡೆದುಬಂದ ಬಗೆಯನ್ನೂ ಹೇಳುತ್ತಾರೆ. ಈ ವರ್ಷ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದೇ.

ಹಾಜರಾತಿ ಮಾತ್ರ ಇನ್ನೂ ಏರುಪೇರಾಗಿದೆ. ಭಾನುವಾರದ ಮೆಗಾಬ್ಲಾಕ್‌ನಿಂದ (ಹಳಿ ದುರಸ್ತಿಗಾಗಿ ಲೋಕಲ್ ರೈಲುಗಳನ್ನು ಕಡಿತಗೊಳಿಸುವುದರಿಂದ) ದೂರದವರು ತಡವಾಗಿ ಬರುವುದರಿಂದ, ಕರ್ತನ ಭೋಜನವಿರುವ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರವಿರುವ) ವಾರಗಳಲ್ಲಿ ಆರಾಧನೆಯನ್ನು ಸಂಜೆಗೆ ಇಡಲು ಹಿರಿಯರ ಸಮಿತಿ ಒಪ್ಪಿದೆ.