ಏರ್ ಫ್ರೈಯರ್‌ನಲ್ಲಿ ಬೆಳಗಿನ ಆಲೂಗಡ್ಡೆ ಗರಿಗರಿ ಆಗುವುದೇ ಇಲ್ಲ, ಏನು ಮಾಡಲಿ?

ಎಡಿಸನ್_ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಎಲ್ಲಿ ನೋಡಿದರೂ ಡೈನರ್, ಅಂದರೆ ಅಮೆರಿಕದ ಸಾದಾ ಹೋಟೆಲ್. ಬೆಳಿಗ್ಗೆ ಆಮ್ಲೆಟ್ ಹೇಳಿದರೆ ಪಕ್ಕದಲ್ಲಿ ಒಂದು ಗುಡ್ಡೆ ಹೋಮ್ ಫ್ರೈಸ್ (ಎಣ್ಣೆಯಲ್ಲಿ ಹುರಿದ ಆಲೂಗಡ್ಡೆ ಹೋಳು) ಹಾಕಿ ಕೊಡುತ್ತಾರೆ. ಮಗಳು ಆಮ್ಲೆಟ್ ಬಿಟ್ಟು ಅದನ್ನೇ ತಿನ್ನುತ್ತಾಳೆ. ಮನೆಯಲ್ಲೇ ಮಾಡೋಣ ಅಂತ ಏರ್ ಫ್ರೈಯರ್‌ಗೆ ಹಾಕಿದರೆ ಮೂಲೆಗಳು ಕಪ್ಪಾಗುತ್ತವೆ, ಉಳಿದದ್ದು ಮೆತ್ತಗೆ, ಒಳಗೆ ಅರೆಬೆಂದ ಹಾಗೆ.

ನಾನು ಮಾಡುವುದು ಹೀಗೆ: ರಸೆಟ್ ಆಲೂಗಡ್ಡೆ ಸುಮಾರು ಒಂದು ಕಿಲೋ, ಹೋಳು ಮಾಡಿ ಉಪ್ಪು, ಖಾರದ ಪುಡಿ, ಜಜ್ಜಿದ ಬೆಳ್ಳುಳ್ಳಿ, ಎಣ್ಣೆ ಕಲಸಿಡುತ್ತೇನೆ. ಆಮೇಲೆ 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 20 ನಿಮಿಷ. ಮೊಳಕೆ ಬರದಿರಲಿ ಅಂತ ಆಲೂಗಡ್ಡೆಯನ್ನು ಫ್ರಿಜ್‌ನಲ್ಲೇ ಇಡುತ್ತೇವೆ. ಎಲ್ಲಿ ತಪ್ಪುತ್ತಿದೆ? ಯಜಮಾನರು ಬೇರೆ ಮೆಷಿನ್ ತರೋಣ ಅನ್ನುತ್ತಿದ್ದಾರೆ.

ಬೆಳಗಿನ_ಪಾಳಿ

ಮೆಷಿನ್ ಬದಲಾಯಿಸಬೇಡಿ ಮೇಡಂ, ಅದರ ತಪ್ಪೇನೂ ಇಲ್ಲ.

ಓದುವಾಗ ನಾನು ಒಂದು ಡೈನರ್‌ನಲ್ಲಿ ಬೆಳಗಿನ ಪಾಳಿ ಮಾಡುತ್ತಿದ್ದೆ. ಹೋಮ್ ಫ್ರೈಸ್ ಹಸಿ ಆಲೂಗಡ್ಡೆಯಿಂದ ಶುರುವಾಗುವುದೇ ಅಪರೂಪ. ಹಿಂದಿನ ದಿನವೇ ಬೇಯಿಸಿ, ಆರಿಸಿ ಇಟ್ಟಿರುತ್ತಾರೆ. ಬೆಳಿಗ್ಗೆ ದೊಡ್ಡ ಕಾವಲಿ ಮೇಲೆ ಎಣ್ಣೆ ಹಾಕಿ ಹರಡುವುದು, ಮುಟ್ಟದೆ ಬಿಡುವುದು, ಆಮೇಲೆ ಮಗುಚುವುದು. ಅಷ್ಟೇ ಗುಟ್ಟು. ಒಳಗೆ ಆಗಲೇ ಬೆಂದಿರುವುದರಿಂದ ಕಾವಲಿಗೆ ಹೊರಗಿನ ಕೆಲಸ ಮಾತ್ರ ಉಳಿಯುತ್ತದೆ. ನೀವು ಎರಡೂ ಕೆಲಸವನ್ನು ಒಂದೇ ಸಲ ಮಾಡಿಸಲು ಹೊರಟಿದ್ದೀರಿ.

ಹೆಸರಿನಲ್ಲಿ ಫ್ರೈ ಇದ್ದರೂ ಈ ಮೆಷಿನ್ ಕರಿಯುವುದಿಲ್ಲ. ಮೇಲೆ ಕಾಯಿಲ್, ಅದರ ಹಿಂದೆ ಫ್ಯಾನ್. ಬಿಸಿ ಗಾಳಿಯನ್ನು ಜೋರಾಗಿ ಸುತ್ತಿಸುತ್ತದೆ. ಆಲೂಗಡ್ಡೆಯ ಮೈ ಒದ್ದೆ ಇರುವವರೆಗೂ ಅದು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಚೆನ್ನಾಗಿ ಕೆಂಪಗಾಗುವುದು 140ರ ಮೇಲೆ. ಅಂದರೆ ಮೊದಲು ನೀರು ಹೋಗಬೇಕು. ಒಂದು ಕಿಲೋ ಒಟ್ಟಿಗೆ ತುಂಬಿದರೆ ಗಾಳಿ ಆಡುವುದಿಲ್ಲ, ಎಲ್ಲಾ ಸೇರಿ ಆವಿಯಲ್ಲಿ ಬೇಯುತ್ತವೆ. ಅರ್ಧ ಕಿಲೋದಂತೆ ಎರಡು ಸಲ ಹಾಕಿ. ಬುಟ್ಟಿಯ ತಳ ಅಲ್ಲಲ್ಲಿ ಕಾಣಿಸಬೇಕು.

ಅರ್ಧ ಕಿಲೋಗೆ ಲೆಕ್ಕ ಹೇಳುತ್ತೇನೆ. ರಸೆಟ್ ಒಳ್ಳೆಯದೇ, ಹಿಟ್ಟಿನ ಅಂಶ ಜಾಸ್ತಿ. ಯೂಕಾನ್ ಗೋಲ್ಡ್ ಕೂಡ ಚೆನ್ನಾಗಿರುತ್ತದೆ, ಆಕಾರ ಕೆಡುವುದಿಲ್ಲ. ಮುಕ್ಕಾಲು ಇಂಚಿನ ಹೋಳು ಮಾಡಿ. ಒಂದು ಲೀಟರ್ ನೀರಿಗೆ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ (ಬೇಕಿಂಗ್ ಪೌಡರ್ ಅಲ್ಲ, ಇಲ್ಲಿ ಡಬ್ಬಗಳು ಒಂದೇ ಥರ ಇರುತ್ತವೆ). ಸೋಡಾ ಇದ್ದರೆ ಹೋಳಿನ ಹೊರಮೈ ಬೇಗ ಕರಗಿ ತರಿತರಿಯಾಗುತ್ತದೆ. ಕುದಿ ಬಂದ ಮೇಲೆ ಐದಾರು ನಿಮಿಷ ಸಾಕು. ಚಾಕು ಸಲೀಸಾಗಿ ಇಳಿಯಬೇಕು, ಹೋಳು ಒಡೆಯಬಾರದು. ನೀರು ಬಸಿದು ಅದೇ ಬಿಸಿ ಪಾತ್ರೆಗೆ ಹಾಕಿ, ಆವಿ ಹೋಗುವವರೆಗೆ ಬಿಡಿ. ಆಮೇಲೆ ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಮುಚ್ಚಳ ಮುಚ್ಚಿ ಚೆನ್ನಾಗಿ ಕುಲುಕಿ. ಅಂಚು ಸವೆದು ಹೋಳಿನ ಸುತ್ತ ಪೇಸ್ಟ್ ಮೆತ್ತಿಕೊಳ್ಳಬೇಕು. ನೋಡಲು ಚೆನ್ನಾಗಿರುವುದಿಲ್ಲ, ಹೆದರಬೇಡಿ. ಗರಿಗರಿ ಆಗುವುದು ಅದೇ ಪೇಸ್ಟ್.

ಬುಟ್ಟಿಯನ್ನು ಮೊದಲೇ ಕಾಯಿಸಿ. 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 15ರಿಂದ 18 ನಿಮಿಷ. ಮೊದಲ ಏಳೆಂಟು ನಿಮಿಷ ಎಳೆದು ನೋಡುವ ಆಸೆ ಬಿಡಿ, ಆಮೇಲೆ ಎರಡು ಸಲ ಅಲ್ಲಾಡಿಸಿ.

ಖಾರದ ಪುಡಿ, ಹಸಿ ಬೆಳ್ಳುಳ್ಳಿ ಮೊದಲೇ ಹಾಕಿದರೆ ಸೀಯುತ್ತವೆ. ನಿಮ್ಮ ಕಪ್ಪು ಬಣ್ಣಕ್ಕೆ ಅರ್ಧ ಕಾರಣ ಅದು. ಉಳಿದರ್ಧ ಫ್ರಿಜ್. ಹಸಿ ಆಲೂಗಡ್ಡೆಯನ್ನು ತಣ್ಣಗಿಟ್ಟರೆ ಅದರ ಹಿಟ್ಟು ಸಕ್ಕರೆಯಾಗುತ್ತದೆ. ಸಕ್ಕರೆ ಬೇಗ ಕಪ್ಪಾಗುತ್ತದೆ, ಅಕ್ರಿಲಮೈಡ್ (ಜೋರು ಬಿಸಿಯಲ್ಲಿ ಹುಟ್ಟುವ, ಆರೋಗ್ಯಕ್ಕೆ ಒಳ್ಳೆಯದಲ್ಲದ ರಾಸಾಯನಿಕ) ಕೂಡ ಜಾಸ್ತಿ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಫ್ರಿಜ್‌ನಲ್ಲಿ ಇಡಬೇಡಿ, ಬಂಗಾರದ ಬಣ್ಣಕ್ಕೆ ಬಂದಾಗ ನಿಲ್ಲಿಸಿ ಅನ್ನುತ್ತದೆ. ಕತ್ತಲಲ್ಲಿ, ಗಾಳಿ ಆಡುವ ಕಡೆ ಇಡಿ.

ಹಾಸನದವನು

ಅಕ್ಕಾ, ಮೇಲಿನವರು ಹೇಳಿದ್ದು ಸರಿ. ಊರಲ್ಲಿ ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ರಸೆಟ್ ಎಲ್ಲಿ ಹುಡುಕುವುದು? ನಮ್ಮ ಕಡೆ ಹೆಚ್ಚು ಬೆಳೆಯುವುದು ಕುಫ್ರಿ ಜ್ಯೋತಿ ತಳಿ. ಬಿತ್ತನೆ ಗಡ್ಡೆ ಜಲಂಧರ್‌ನಿಂದ ಬರುತ್ತದೆ, ಮುಂಗಾರಿಗೆ ನಾಟಿ. ಹೊಲದಿಂದ ಆಗಷ್ಟೇ ಬಂದ ಹೊಸ ಗಡ್ಡೆಯ ಸಿಪ್ಪೆಯನ್ನು ಹೆಬ್ಬೆರಳಲ್ಲಿ ತಿಕ್ಕಿದರೆ ಸಾಕು, ಎದ್ದು ಬರುತ್ತದೆ. ಅದರಲ್ಲಿ ನೀರು ಜಾಸ್ತಿ. ಹುಳಿಗೆ, ಪಲ್ಯಕ್ಕೆ ಸೊಗಸು, ಇದಕ್ಕೆ ಬೇಡ. ಸಿಪ್ಪೆ ಗಟ್ಟಿಯಾದ ಗಡ್ಡೆ ಆರಿಸಿ. ಕೋಲ್ಡ್ ಸ್ಟೋರೇಜ್‌ನಿಂದ ಬಂದದ್ದು ಒಮ್ಮೊಮ್ಮೆ ಸಿಹಿ ಹೊಡೆಯುತ್ತದೆ. ಅದೂ ಬೇಗ ಕಪ್ಪಾಗುತ್ತದೆ.

ನನಗೆ ಬೇಯಿಸುವಷ್ಟು ತಾಳ್ಮೆ ಇಲ್ಲ. ಸಣ್ಣ ಹೋಳು ಮಾಡಿ ಅರ್ಧ ಗಂಟೆ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಎಣ್ಣೆ ಜೊತೆ ಒಂದು ಚಮಚ ಅಕ್ಕಿ ಹಿಟ್ಟು ಸವರುತ್ತೇನೆ. ಗರಿಗರಿ ಗ್ಯಾರಂಟಿ.

ಬೆಳಗಿನ_ಪಾಳಿ

ಅಕ್ಕಿ ಹಿಟ್ಟು ಹಾಕಿದರೆ ಗರಿಗರಿ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಹಿಟ್ಟಿನ ಗರಿ ಮಾರಾಯ್ರೇ, ಆಲೂಗಡ್ಡೆಯದಲ್ಲ. ಸಂಜೆ ಕಾಫಿ ಜೊತೆಗಾದರೆ ನಾನೂ ತಿನ್ನುತ್ತೇನೆ. ಮೊಟ್ಟೆ ಪಕ್ಕಕ್ಕೆ ಬೇಡ.

ಎಡಿಸನ್_ಅಡುಗೆಮನೆ

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಫ್ರಿಜ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಇನ್ನೆರಡು ಸಂಶಯ. ವಾರದ ದಿನ ಸ್ಕೂಲ್ ಬಸ್ ಏಳೂವರೆಗೆ, ಬೆಳಿಗ್ಗೆ ಬೇಯಿಸುತ್ತಾ ಕೂರಲು ಆಗುವುದಿಲ್ಲ. ರಾತ್ರಿ ಬೇಯಿಸಿ ಫ್ರಿಜ್‌ನಲ್ಲಿ ಇಡಬಹುದಾ, ಅಥವಾ ಅದಕ್ಕೂ ಸಕ್ಕರೆ ಕಥೆಯಾ? ಈರುಳ್ಳಿ, ದೊಣ್ಣೆಮೆಣಸಿನಕಾಯಿ ಯಾವಾಗ ಹಾಕಲಿ?

ಬೆಳಗಿನ_ಪಾಳಿ

ಬೆಂದದ್ದನ್ನು ಧಾರಾಳವಾಗಿ ಇಡಿ. ಸಕ್ಕರೆಯಾಗುವುದು ಹಸಿ ಗಡ್ಡೆಯಲ್ಲಿ ಮಾತ್ರ. ಬೆಂದು ತಣ್ಣಗಾದ ಹೋಳು ಗಟ್ಟಿಯಾಗುತ್ತದೆ, ಮೈಯೂ ಒಣಗಿರುತ್ತದೆ. ಬುಟ್ಟಿಯಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ. ಮುಚ್ಚಳ ಹಾಕದೆ ತಟ್ಟೆಯಲ್ಲಿ ಹರಡಿಡಿ, ಮುಚ್ಚಿದರೆ ಬೆವರುತ್ತದೆ. ಎಣ್ಣೆ ಬೆಳಿಗ್ಗೆ ಹಾಕಿ. ಕ್ಯಾನ್‌ನಲ್ಲಿ ಬರುವ ಎಣ್ಣೆ ಸ್ಪ್ರೇ ಬೇಡ, ಅದರಲ್ಲಿ ಬೆರೆಸಿರುವ ಲೆಸಿಥಿನ್ ಅನ್ನುವ ಜಿಡ್ಡಿನ ಪದಾರ್ಥ ನಾನ್‌ಸ್ಟಿಕ್ ಬುಟ್ಟಿಗೆ ಅಂಟಿ ಕೂರುತ್ತದೆ.

ಈರುಳ್ಳಿ, ದೊಣ್ಣೆಮೆಣಸು ನೀರು ಬಿಡುತ್ತವೆ. ಬುಟ್ಟಿಗೆ ಹಾಕುವುದಾದರೆ ಕೊನೆಯ ಐದು ನಿಮಿಷಕ್ಕೆ, ಎಣ್ಣೆ ಸವರಿ, ದಪ್ಪ ಹೋಳು. ನಾನಂತೂ ಮೊಟ್ಟೆ ಮಾಡುವ ಬಾಣಲೆಯಲ್ಲೇ ಬೇರೆ ಹುರಿದು ಕೊನೆಗೆ ಬೆರೆಸುತ್ತೇನೆ. ಖಾರ ಬೇಕಾದರೆ ಬುಟ್ಟಿಯಿಂದ ಇಳಿಸಿದ ತಕ್ಷಣ ಬ್ಯಾಡಗಿ ಪುಡಿ, ಉಪ್ಪು ಉದುರಿಸಿ. ಬಣ್ಣ ಬರುತ್ತದೆ, ಮಗಳಿಗೂ ಜಾಸ್ತಿ ಖಾರ ಅನ್ನಿಸುವುದಿಲ್ಲ.

ಹಾಸನದವನು

ಬ್ಯಾಡಗಿ ಬದಲು ಚಟ್ನಿಪುಡಿ ಹಾಕಿ ನೋಡಿ ಅಕ್ಕಾ. ಡೈನರ್‌ನವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.